ಸೈಡಿಗೆ ಹೋಗು ಅಂತೀರಲ್ಲ, ಸೈಡ್ ಎಲ್ಲಿದೆ ಸ್ವಾಮಿ?

ಬೆಳಗ್ಗೆಯಿಂದ ತಲೆ ಕೆಟ್ಟಿದೆ. ಸೈಕಲ್ ಅಂಗಡಿ ತೆಗೆದು ಒಂದು ವೀಲಿನ ಬೆಂಡು ತೆಗೆಯೋಣ ಅಂತ ಕೂತರೆ ಕೈಯಲ್ಲಿ ಸ್ಪ್ಯಾನರ್ ನಿಲ್ಲುತ್ತಿಲ್ಲ. ಇಲ್ಲೇ ಬರೆದು ಹಗುರಾಗುತ್ತೇನೆ. ಉದ್ದ ಇದೆ. ಪುರುಸೊತ್ತಿಲ್ಲದವರು ಹಾಗೇ ಮುಂದೆ ಹೋಗಿ, ಹಿಂದೆ ನಿಂತು ಹಾರ್ನ್ ಮಾತ್ರ ಹೊಡೆಯಬೇಡಿ.

ಏಳು ಗಂಟೆ ಹೊತ್ತಿಗೆ ನಮ್ಮ ಚಿಕ್ಕಬಳ್ಳಾಪುರದ ನಂದಿ ರಸ್ತೆಯಲ್ಲಿ ಟೀ ಕುಡಿಯುತ್ತಾ ನಿಂತಿದ್ದೆ. ಒಬ್ಬರು ತಾತ ಹಳೇ ಹರ್ಕ್ಯುಲಿಸ್‌ನಲ್ಲಿ ಕ್ಯಾರಿಯರಿನ ಎರಡೂ ಕಡೆ ಹಾಲಿನ ಕ್ಯಾನ್ ನೇತುಹಾಕಿಕೊಂಡು ಡೈರಿ ಕಡೆ ಹೋಗುತ್ತಿದ್ದರು. ನಿಧಾನಕ್ಕೆ, ನೆಟ್ಟಗೆ, ಟಾರಿನ ಎಡಗಡೆಯಲ್ಲೇ. ಹಿಂದೆ ಒಂದು ದೊಡ್ಡ ಬಿಳಿ ಕಾರು. ಎದುರಿಗೆ ಟೊಮೇಟೊ ಕ್ರೇಟ್ ತುಂಬಿದ ಪಿಕಪ್ ಬರುತ್ತಿತ್ತು, ಹಾಗಾಗಿ ಓವರ್‌ಟೇಕ್ ಮಾಡೋಕೆ ಜಾಗ ಇಲ್ಲ. ಕಾರಿನವನು ಹಾರ್ನ್ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ. ಆಮೇಲೆ ಗ್ಲಾಸ್ ಇಳಿಸಿ, "ಏಯ್, ಸೈಡಿಗೆ ಹೋಗೋಕೆ ಏನು ರೋಗ ನಿಂಗೆ?" ಅಂದ. ಅವನ ಅಪ್ಪನಿಗಿಂತ ದೊಡ್ಡವರಿಗೆ ಏಕವಚನ. ತಾತ ಗಾಬರಿಯಾಗಿ ಹ್ಯಾಂಡಲ್ ಎಡಕ್ಕೆ ತಿರುಗಿಸಿದರು. ಮುಂದಿನ ಚಕ್ರ ಟಾರಿನಿಂದ ಕೆಳಗೆ ಧಡ್ ಅಂತ ಇಳಿಯಿತು. ಸೈಕಲ್ ಒಂದು ಕಡೆ, ತಾತ ಒಂದು ಕಡೆ, ಒಂದು ಕ್ಯಾನಿನ ಮುಚ್ಚಳ ಇನ್ನೊಂದು ಕಡೆ.

ಪುಣ್ಯಕ್ಕೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಹಾಲು ಮಾತ್ರ ಅರ್ಧ ಕ್ಯಾನ್ ಮಣ್ಣು ಪಾಲು. ತಾತ ಎದ್ದು ಪಂಚೆ ಕೊಡವಿಕೊಂಡು, ಹೊರಟುಹೋದ ಕಾರಿನ ಕಡೆ ನೋಡಿ ತೆಲುಗಿನಲ್ಲಿ ಒಂದು ಮಾತು ಹೇಳಿದರು. ನಮ್ಮ ಕಡೆಯವರಿಗೆ ಅದು ಯಾವ ಮಾತು ಅಂತ ನಾನು ಹೇಳಬೇಕಾಗಿಲ್ಲ.

ಕಾರು ಹೋಗಿದ್ದು ನಂದಿ ಬೆಟ್ಟದ ಕಡೆಗೆ. ಸೂರ್ಯೋದಯ ನೋಡೋಕೆ ಇರಬೇಕು. ಏಳು ಗಂಟೆಗೆ! ಸೂರ್ಯ ಆಗಲೇ ಹುಟ್ಟಿ, ಮುಖ ತೊಳೆದು, ತಿಂಡಿಗೆ ಕೂತಾಗಿತ್ತು.

ಈಗ ನನ್ನ ಪ್ರಶ್ನೆ. ಅದನ್ನು ಎಷ್ಟು ಸಲ ಬೇಕಾದರೂ ಕೇಳುತ್ತೇನೆ. ಸೈಡಿಗೆ ಹೋಗು ಅಂತೀರಲ್ಲ, ಆ ಸೈಡ್ ಎಲ್ಲಿದೆ?

ನಮ್ಮೂರಿನ ಯಾವ ರಸ್ತೆಯಲ್ಲಾದರೂ ಕಾರು ನಿಲ್ಲಿಸಿ, ಇಳಿದು, ಟಾರು ಮುಗಿಯುವ ಜಾಗ ಒಂದು ಸಲ ನೋಡಿ. ಗೌರಿಬಿದನೂರು ರೋಡಾಗಲಿ, ಶಿಡ್ಲಘಟ್ಟ ರೋಡಾಗಲಿ. ಹಳೇ ಟಾರಿನ ಮೇಲೆ ಹೊಸ ಟಾರು, ಅದರ ಮೇಲೆ ಇನ್ನೊಂದು. ರಸ್ತೆ ಮೇಲೆ ಮೇಲೆ ಏರುತ್ತಾ ಹೋಯಿತು, ಪಕ್ಕದ ಮಣ್ಣು ಅಲ್ಲೇ ಉಳಿಯಿತು. ಟಾರು ಹಾಕಿದ ಮೇಲೆ ಪಕ್ಕಕ್ಕೆ ಮೊರಂ, ಅಂದರೆ ಜಲ್ಲಿ ಬೆರೆತ ಗಟ್ಟಿ ಮಣ್ಣು ಸುರಿದು, ರೋಲರ್ ಓಡಿಸಿ, ಎರಡನ್ನೂ ಸಮ ಮಾಡಬೇಕು. ಅದೂ ರಸ್ತೆ ಕೆಲಸವೇ. ಆದರೆ ಉದ್ಘಾಟನೆಯ ಫೋಟೊದಲ್ಲಿ ಮೊರಂ ಕಾಣಲ್ಲ ನೋಡಿ. ತಾತ ಬಿದ್ದ ಜಾಗದಲ್ಲಿ ನಾನೇ ಕೈ ಇಟ್ಟು ನೋಡಿದೆ. ಒಂದು ಗೇಣಿಗೆ ಸ್ವಲ್ಪ ಕಮ್ಮಿ. ಕೆಳಗೆ ಕ್ವಾರಿ ಟಿಪ್ಪರ್‌ಗಳಿಂದ ಉದುರಿದ ಜಲ್ಲಿ, ಬಿಯರ್ ಬಾಟಲಿನ ಚೂರು, ಆಚೆ ಲಂಟಾನ ಪೊದೆ. ಇದು ನಿಮ್ಮ ಸೈಡ್.

ಕಾರಿಗೆ ಇದು ಲೆಕ್ಕಕ್ಕೇ ಇಲ್ಲ. ಎಡಗಡೆ ಚಕ್ರ ಇಳಿದರೂ ಒಂದು ಸಣ್ಣ ಕುಲುಕು, ಒಳಗೆ ಹಾಡು ನಡೆಯುತ್ತಾ ಇರುತ್ತದೆ. ಸೈಕಲ್ ಕಥೆ ಬೇರೆ. ಅಪ್ಪನ ಕಾಲದಿಂದ ಸೈಕಲ್ ಬಿಚ್ಚಿ ಜೋಡಿಸಿ ಬದುಕಿದವನು, ಇದು ನನಗೆ ಗೊತ್ತಿರುವ ವಿಷಯ, ಕೇಳಿ. ಸೈಕಲ್ ನಿಲ್ಲುವುದೇ ಹ್ಯಾಂಡಲನ್ನು ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ಆಡಿಸುತ್ತಾ ಇದ್ದರೆ. ಚಕ್ರ ಕೆಳಗೆ ಇಳಿಯಿತು ಅಂದುಕೊಳ್ಳಿ. ಸವಾರ ಮತ್ತೆ ಟಾರು ಹತ್ತೋಕೆ ಹ್ಯಾಂಡಲ್ ಬಲಕ್ಕೆ ತಿರುಗಿಸುತ್ತಾನೆ. ಆದರೆ ಟೈರು ಟಾರಿನ ಗೋಡೆಗೆ ಉಜ್ಜಿಕೊಂಡು ಅದರ ಪಕ್ಕದಲ್ಲೇ ಜಾರುತ್ತದೆ, ಹತ್ತುವುದಿಲ್ಲ. ಮೈ ಬಲಕ್ಕೆ ವಾಲಿರುತ್ತದೆ, ಚಕ್ರ ಎಡಕ್ಕೇ ಸಿಕ್ಕಿಕೊಂಡಿರುತ್ತದೆ. ಅವನು ಬೀಳುವುದು ಪೊದೆ ಕಡೆಗಲ್ಲ, ರಸ್ತೆ ಕಡೆಗೆ. ಹಿಂದೆ ಬರುವ ನಿಮ್ಮ ಟೈರಿನ ಕೆಳಕ್ಕೆ. ಅಂದರೆ ನೀವು ಹಾರ್ನ್ ಹೊಡೆದು ಅವನನ್ನು ದಾರಿಯಿಂದ ಓಡಿಸುತ್ತಾ ಇಲ್ಲ, ನಿಮ್ಮ ಬಾನೆಟ್ ಮುಂದಕ್ಕೇ ಕರೆಯುತ್ತಾ ಇದ್ದೀರ.

ಅದಕ್ಕೇ ಬುದ್ಧಿ ಇರುವ ಸೈಕಲ್‌ನವನು ಟಾರಿನ ತುದಿಯಿಂದ ಎರಡಡಿ ಒಳಗೆ ಹೋಗುತ್ತಾನೆ. ಅದು ದುರಹಂಕಾರ ಅಲ್ಲ, ಜೀವ ಉಳಿಸಿಕೊಳ್ಳುವ ದಾರಿ.

ಇನ್ನೊಂದು ಇದೆ, ಕಾರಿನಲ್ಲಿ ಕೂತವರಿಗೆ ಯಾವತ್ತೂ ಗೊತ್ತಾಗದ್ದು. ಲಾರಿ ಸ್ಪೀಡಾಗಿ ಪಕ್ಕದಲ್ಲಿ ಹಾದು ಹೋಗುವಾಗ ಮೊದಲು ಗಾಳಿ ಎಡಕ್ಕೆ ದಬ್ಬುತ್ತದೆ. ಲಾರಿಯ ಹಿಂಭಾಗ ದಾಟುವಾಗ ಅದೇ ಗಾಳಿ ಬಲಕ್ಕೆ, ಲಾರಿ ಕಡೆಗೆ ಎಳೆಯುತ್ತದೆ. ಹುಲ್ಲಿನ ಹೊರೆ ಕಟ್ಟಿಕೊಂಡವನಿಗೆ ಇದು ಇನ್ನೂ ಕಷ್ಟ, ಹೊರೆ ಅಷ್ಟೂ ಗಾಳಿ ಹಿಡಿಯುತ್ತದೆ. ಒಂದು ಸಲ ಸೈಕಲ್ ಮೇಲೆ ಕೂತು ಪೇರೇಸಂದ್ರದ ಕಡೆ ಹೈವೇಯಲ್ಲಿ ಹೋಗಿ ನೋಡಿ, ಭಕ್ತಿ ತಾನಾಗೇ ಬರುತ್ತದೆ.

ಬೇರೆ ದೇಶಗಳಲ್ಲಿ ಇದಕ್ಕೆ ಅಳತೆ ಇಟ್ಟಿದ್ದಾರೆ. ಜರ್ಮನಿಯಲ್ಲಿ 2020ರಿಂದ ಸೈಕಲ್ ದಾಟುವಾಗ ಊರೊಳಗೆ ಒಂದೂವರೆ ಮೀಟರ್, ಊರಾಚೆ ಎರಡು ಮೀಟರ್ ಜಾಗ ಬಿಡಲೇಬೇಕು. ಬ್ರಿಟನ್ನಿನವರು 2022ರಲ್ಲಿ ರಸ್ತೆ ನಿಯಮ ತಿದ್ದಿ ಸೈಕಲ್‌ಗೆ ಒಂದೂವರೆ ಮೀಟರ್ ಅಂದರು. ಕುದುರೆ ಸವಾರರಿದ್ದರೆ ಎರಡು ಮೀಟರ್ ಬಿಟ್ಟು, ಗಂಟೆಗೆ 16 ಕಿಲೋಮೀಟರಿಗಿಂತ ನಿಧಾನಕ್ಕೆ ದಾಟಬೇಕಂತೆ. ಕುದುರೆಗೆ! ನಮ್ಮಲ್ಲೂ ಪ್ರಾಣಿ ದಯೆಗೆ ಕಮ್ಮಿ ಇಲ್ಲ ಬಿಡಿ. ಎಮ್ಮೆ ಅಡ್ಡ ಬಂದರೆ ಎಂಥವನೂ ಬ್ರೇಕ್ ಹಾಕುತ್ತಾನೆ. ಎಮ್ಮೆಗೆ ಗುದ್ದಿದರೆ ಬಂಪರ್ ಹೋಗುತ್ತದೆ, ಮೇಲಿಂದ ಎಮ್ಮೆ ಯಜಮಾನರು ಊರವರನ್ನು ಕಟ್ಟಿಕೊಂಡು ಬಂದು ಲೆಕ್ಕ ಕೇಳುತ್ತಾರೆ. ಸೈಕಲ್‌ಗೆ ಆ ಭಾಗ್ಯ ಇಲ್ಲ.

ಈಗ ನನಗೆ ಗೊತ್ತು, ಕೆಳಗೆ ಕಮೆಂಟ್‌ಗೆ ಬೆರಳು ತುರಿಸುತ್ತಿದೆ ಕೆಲವರಿಗೆ. "ಅಣ್ಣ, ಸೈಕಲ್‌ನವರೇನು ಸಾಚಾನಾ? ಭಾನುವಾರ ಬೆಂಗಳೂರಿನಿಂದ ಬರೋ ಟೈಟ್ ಪ್ಯಾಂಟ್ ಗ್ಯಾಂಗ್ ನೋಡಿಲ್ವಾ? ಅಕ್ಕಪಕ್ಕ ಹರಟೆ ಹೊಡ್ಕೊಂಡು ಹೋಗ್ತಾರೆ." ನೋಡಿದ್ದೇನೆ ಮಾರಾಯ. ಅವರಲ್ಲಿ ಎಷ್ಟೋ ಜನ ಪಂಕ್ಚರ್ ಆದರೆ ನನ್ನ ಹತ್ತಿರಾನೇ ಬರೋದು. ನಿನ್ನ ಬೈಕಿಗಿಂತ ದುಬಾರಿ ಸೈಕಲ್ ಇಟ್ಟುಕೊಂಡು, ಟ್ಯೂಬಿಗೆ ಹತ್ತು ರೂಪಾಯಿ ಚೌಕಾಸಿ ಮಾಡುವವರೂ ಇದ್ದಾರೆ. ಆದರೆ ಎಂಟು ಜನ ಸಾಲಾಗಿ ಒಬ್ಬರ ಹಿಂದೆ ಒಬ್ಬರು ಹೋದರೆ ಆ ಸಾಲು ಎಷ್ಟುದ್ದ? ಇಬ್ಬಿಬ್ಬರಾಗಿ ಹೋದರೆ ಅದರ ಅರ್ಧ. ನೀನು ಓವರ್‌ಟೇಕ್ ಮಾಡೋಕೆ ಬೇಕಾದ ದೂರವೂ ಕಮ್ಮಿ. ನಾಲ್ಕು ನಾಲ್ಕು ಜನ ಅಡ್ಡಕ್ಕೆ ಹೋಗುವವರಿಗೆ ನಾನೇ ಬೈದಿದ್ದೇನೆ, ಅದು ಬೇರೆ. ರಾಂಗ್ ಸೈಡಿನಲ್ಲಿ ಬರುವವರು, ರಾತ್ರಿ ಲೈಟಿಲ್ಲದೆ ಬರುವವರು, ಒಪ್ಪಿದೆ, ತಪ್ಪೇ. ಅವರ ತಪ್ಪಿಗೆ ಸಾಯುವವರು ಅವರು. ನಿನ್ನ ತಪ್ಪಿಗೂ ಸಾಯುವವರು ಅವರೇ. ಇಷ್ಟು ಗೊತ್ತಿದ್ದೂ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತೀಯಲ್ಲ!

ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಇದು ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕ. ಅದರಲ್ಲಿ ಸೈಕಲ್‌ನವರು ನಾಲ್ಕು ಸಾವಿರಕ್ಕೂ ಜಾಸ್ತಿ. ಸೈಕಲ್ ಗುದ್ದಿ ಕಾರಿನವನು ಸತ್ತ ಒಂದು ಸುದ್ದಿ ತೋರಿಸಿ, ಅಂಗಡಿ ಕೀ ನಿಮ್ಮ ಕೈಗೆ ಕೊಡುತ್ತೇನೆ.

ಇನ್ನೊಂದು ಘನ ವಾದ ಇದೆ. "ನಾವು ರೋಡ್ ಟ್ಯಾಕ್ಸ್ ಕಟ್ಟಿದ್ದೀವಿ." ಕಟ್ಟಿದ್ದೀರ, ಸಂತೋಷ. ಹಾಲಿನ ತಾತ ಏನೂ ಕಟ್ಟಲ್ವಾ? ಸೋಪಿಗೆ ಕಟ್ಟುತ್ತಾರೆ, ಬೆಂಕಿಪೊಟ್ಟಣಕ್ಕೆ ಕಟ್ಟುತ್ತಾರೆ. ಸೈಕಲ್ ಮೇಲೇ 12 ಪರ್ಸೆಂಟ್ ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ 5 ಆಗಿದೆ. ಬಿಲ್ ಹರಿಯುವವನು ನಾನೇ, ನನಗೆ ಗೊತ್ತಿಲ್ವಾ? ಮತ್ತೆ ರಸ್ತೆ ಹಾಳು ಮಾಡುವವರು ಯಾರು? ಇಂಜಿನಿಯರುಗಳು ಹೇಳುವ ಒಂದು ಲೆಕ್ಕ ಇದೆ. ಆಕ್ಸಲ್ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಎರಡರಷ್ಟಲ್ಲ, ಹೆಚ್ಚುಕಡಿಮೆ ಹದಿನಾರರಷ್ಟು. ಜಲ್ಲಿ ತುಂಬಿದ ಟಿಪ್ಪರ್ ಟಾರಿನ ತುದಿ ಮೇಲೆ ಹತ್ತಿದರೆ ತುದಿ ಹಪ್ಪಳದ ಥರ ಮುರಿಯುತ್ತದೆ. ತಾತನ ಸೈಕಲ್ ಇನ್ನು ನೂರು ವರ್ಷ ಓಡಿದರೂ ಅಲ್ಲಿ ಒಂದು ಗೀರು ಬೀಳಲ್ಲ. ಆದರೂ ಆ ಮುರಿದ ತುದಿಗೆ ಇಳಿ ಅಂತ ನಾವು ಹೇಳುವುದು ತಾತನಿಗೇ.

ಪ್ರತಿ ಸೆಪ್ಟೆಂಬರ್ 15ಕ್ಕೆ ಇಂಜಿನಿಯರುಗಳ ದಿನ ಅಂತ ಮುದ್ದೇನಹಳ್ಳಿಗೆ ಹಾರ ತಗೊಂಡು ಬರುವ ಇಂಜಿನಿಯರ್ ಸಾಹೇಬರುಗಳಿಗೆ ಒಂದು ವಿನಂತಿ. ಸರ್ ಎಂ. ವಿ. ಅವರಿಗೆ ಹಾರ ಹಾಕಿ, ಖಂಡಿತ ಹಾಕಿ. ಬರುವ ದಾರಿಯಲ್ಲಿ ಒಂದು ಸಲ ಜೀಪಿನಿಂದ ಇಳಿದು ಎಡಗಡೆ ನೋಡಿ. ಅಷ್ಟೇ. ಇಳಿಯುವಾಗ ಹುಷಾರು, ಕಾಲು ಉಳುಕುತ್ತದೆ.

ಮೊದಲು ಹೀಗಿರಲಿಲ್ಲ ಅಂತ ಸುಳ್ಳು ಹೇಳಲ್ಲ. ಮೊದಲೂ ಹಾರ್ನ್ ಇತ್ತು, ಬೈಗುಳ ಇತ್ತು. ಈಗ ಗಾಡಿ ಜಾಸ್ತಿ ಆಗಿದೆ. ಬೆಟ್ಟಕ್ಕೆ ಬರುವವರು ಮೊದಲಿಂದಲೂ ಇದ್ದರು, 2023ರ ಜನವರಿಯಲ್ಲಿ ಆವಲಗುರ್ಕಿಯಲ್ಲಿ ಆದಿಯೋಗಿ ಪ್ರತಿಮೆ ಬಂದ ಮೇಲೆ ಶನಿವಾರ ಭಾನುವಾರ ಕೇಳೋದೇ ಬೇಡ. ಬರಲಿ, ನಮ್ಮೂರಿಗೆ ನಾಲ್ಕು ಕಾಸು ಆಗುತ್ತದೆ, ನನಗೂ ಆಗುತ್ತದೆ. ಆದರೆ ಶಾಂತಿ ಹುಡುಕಿಕೊಂಡು ಬರುವವರು ದಾರಿಯುದ್ದಕ್ಕೂ ಇಷ್ಟೊಂದು ಹಾರ್ನ್ ಹೊಡೆಯುವುದು ಯಾಕೆ ಅಂತ ಮಾತ್ರ ನನಗೆ ಅರ್ಥವಾಗಿಲ್ಲ. ಸುಮ್ಸುಮ್ನೆ ಹಾರ್ನ್ ಹೊಡೆದರೆ ಮೊದಲ ಸಲ ಸಾವಿರ, ಆಮೇಲೆ ಎರಡು ಸಾವಿರ ದಂಡ ಅಂತ ಕಾನೂನಿನಲ್ಲೇ ಇದೆ. ಆ ದಂಡ ಕಟ್ಟಿದವರು ಯಾರಾದರೂ ಇದ್ದರೆ ಕರೆತನ್ನಿ, ಶಾಲು ಹೊದಿಸಿ ಸನ್ಮಾನ ಮಾಡೋಣ.

ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತಲ್ಲ, ಆಗ ನೋಡಬೇಕಿತ್ತು ನಮ್ಮ ರಸ್ತೆಗಳನ್ನ. ಸ್ಕೂಲ್ ಬಿಟ್ಟರೆ ಹುಡುಗಿಯರ ದಂಡೇ ದಂಡು. ಹಿಂದೆ ತಂಗಿ, ಮುಂದೆ ಬ್ಯಾಗು. ಚೈನ್ ಬಿದ್ದರೆ ಐದಾರು ಜನ ಸುತ್ತ ನಿಂತು ಸಲಹೆ ಕೊಡೋರು, ಯಾರೊಬ್ಬರೂ ಕೈ ಮಸಿ ಮಾಡಿಕೊಳ್ಳುತ್ತಿರಲಿಲ್ಲ. ಅಷ್ಟು ಜನ ಒಟ್ಟಿಗೆ ಬಂದರೆ ಬಸ್ಸಿನವನೂ ನಿಧಾನ ಮಾಡುತ್ತಿದ್ದ. ಕೊರೋನಾ ಕಾಲದಲ್ಲಿ ಆ ಸೈಕಲ್ ನಿಂತಿತು. ದಂಡು ಕರಗಿತು. ಈಗ ಅಲ್ಲೊಬ್ಬ ಇಲ್ಲೊಬ್ಬಳು. ಒಬ್ಬೊಬ್ಬರೇ ಆದಾಗ ಯಾರೂ ನಿಧಾನ ಮಾಡಲ್ಲ.

ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆದೇ ಬಿಡುತ್ತೇನೆ. ನನ್ನ ಮಗಳು ಕಾಲೇಜಿಗೆ ಹೋಗುವುದು ಸ್ಕೂಟಿಯಲ್ಲಿ. ಅವಳು ಸೈಕಲ್ ಕೇಳಿದಳು. ಅಂಗಡಿ ತುಂಬ ಸೈಕಲ್ ಇಟ್ಟುಕೊಂಡವನು ಕೊಡಲಿಲ್ಲ. ಸಾಲ ಮಾಡಿ ಸ್ಕೂಟಿ ಕೊಡಿಸಿದೆ. ಇವತ್ತಿಗೂ ಅದು ಸರಿ ಅಂತಲೇ ಅನಿಸುತ್ತದೆ, ಅದೇ ನನಗೆ ಹೊಟ್ಟೆ ಉರಿ. ನನ್ನ ಅಂಗಡಿಗೆ ಬರುವ ಅಪ್ಪ ಅಮ್ಮಂದಿರದ್ದೂ ಇದೇ ಕಥೆ. ಗೇರ್ ಇರುವ ಸೈಕಲ್ ಕೊಡಿಸುತ್ತಾರೆ, ಆಮೇಲೆ ಮಗುವಿಗೆ ಹೇಳುತ್ತಾರೆ, "ಗೇಟ್ ದಾಟಬೇಡ, ಟೆರೇಸ್ ಮೇಲೆ ಹೊಡಿ." ಇಪ್ಪತ್ತೊಂದು ಗೇರಿನ ಸೈಕಲ್ ಟೆರೇಸ್ ಮೇಲೆ ನೀರಿನ ಟ್ಯಾಂಕ್ ಸುತ್ತ ಸುತ್ತುತ್ತಾ ಇರುತ್ತದೆ. 2020ರಲ್ಲಿ ವಿಶ್ವ ಸೈಕಲ್ ದಿನದಂದೇ ಅಟ್ಲಾಸ್‌ನವರು ಕಾರ್ಖಾನೆ ಬಾಗಿಲು ಹಾಕಿದಾಗ ಎಲ್ಲರೂ ಫೇಸ್‌ಬುಕ್‌ನಲ್ಲಿ ಅಯ್ಯೋ ಅಂದಿರಿ. ಅಯ್ಯೋ ಅಂದವರಲ್ಲಿ ಎಷ್ಟು ಜನ ಅವತ್ತು ಸೈಕಲ್ ಹತ್ತಿದಿರಿ? ಹತ್ತಿದ್ದರೆ ಸೈಡ್ ಎಲ್ಲಿದೆ ಅಂತ ನಾನು ನಿಮ್ಮನ್ನು ಕೇಳಬೇಕಾಗಿರಲಿಲ್ಲ.

ಪರಿಹಾರ ಏನು ಅಂತ ಕೇಳುವ ಸಜ್ಜನರಿಗೆ: ಸೈಕಲ್ ಟ್ರ್ಯಾಕ್ ಅದು ಇದು ನಮ್ಮ ಹಳ್ಳಿ ರೋಡಿಗೆ ಆಗದ ಮಾತು, ನನಗೂ ಗೊತ್ತು. ಟಾರಿನ ಪಕ್ಕ ಮೊರಂ ಹಾಕಿ ಸಮ ಮಾಡಿ. ಅಷ್ಟು ಮಾಡುವ ತನಕ ಹಿಂದೆ ಕಾಯಿರಿ. ಎಷ್ಟು ಹೊತ್ತು? ಎದುರಿನ ಪಿಕಪ್ ದಾಟುವ ತನಕ, ಹತ್ತು ಸೆಕೆಂಡ್. ಟೋಲ್‌ನಲ್ಲಿ, ಬಿರಿಯಾನಿ ಅಂಗಡಿ ಮುಂದೆ ಕಾಯಲ್ವಾ ಗಂಟೆಗಟ್ಟಲೆ?

ತಾತನ ಸೈಕಲ್ ಅಂಗಡಿಯಲ್ಲೇ ಇದೆ. ಮುಂದಿನ ರಿಮ್ ಎಂಟರ ಆಕಾರಕ್ಕೆ ತಿರುಗಿದೆ, ಬೇರೆ ಹಾಕಬೇಕು. ಸಂಜೆಯ ಹಾಲಿಗೆ ಮೊದಲು ಕೊಡಬೇಕು, ಹಾಗಾಗಿ ಇಲ್ಲಿಗೆ ಸಾಕು. ಭಾನುವಾರ ಅಂಗಡಿ ತೆಗೆದಿರುತ್ತದೆ. ಹಾಲಿನವರು, ಹುಲ್ಲಿನವರು, ಸ್ಕೂಲ್ ಮಕ್ಕಳು ಯಾರೇ ಬಂದರೂ ಹಿಂದಿನ ಮಡ್ಗಾರ್ಡಿಗೆ ಕೆಂಪು ರಿಫ್ಲೆಕ್ಟರ್ ಹಾಕಿಕೊಡುತ್ತೇನೆ, ದುಡ್ಡು ಬೇಡ. ಕಾರಿನವರು ಬಂದರೆ ಹಾರ್ನ್ ಬಿಚ್ಚಿ ಕೊಡುತ್ತೇನೆ, ಅದಕ್ಕೂ ದುಡ್ಡು ಬೇಡ.