ಕಡಿಮೆ ಕೊಯ್ದರೂ ಸಾಕು ಎಂದ ಸರ್ಜನ್

ಸ್ತನ ಕ್ಯಾನ್ಸರ್ ಸಂಶೋಧನೆ ಎಂದರೆ ಹೊಸ ಔಷಧಿ, ಹೊಸ ಜೀನ್ ಎಂದೇ ಸುದ್ದಿಯಾಗುತ್ತದೆ. ನನ್ನ ಲೆಕ್ಕದಲ್ಲಿ ಈ ಕ್ಷೇತ್ರದ ಬಹು ದೊಡ್ಡ ಕೆಲಸ ಬರ್ನಾರ್ಡ್ ಫಿಶರ್ ಅವರದು. ಅಮೆರಿಕದ ಪಿಟ್ಸ್‌ಬರ್ಗ್‌ನ ಈ ಸರ್ಜನ್ ದಶಕಗಟ್ಟಲೆ ದುಡಿದದ್ದು ತಮ್ಮದೇ ವೃತ್ತಿಯವರು ಬೇಕಿಲ್ಲದ್ದನ್ನೂ ಕೊಯ್ಯುತ್ತಿದ್ದಾರೆ ಎಂದು ಸಾಬೀತು ಮಾಡಲು!

ಆಗ ನಡೆಯುತ್ತಿದ್ದದ್ದು 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಸರ್ಜನ್ ಹಾಲ್‌ಸ್ಟೆಡ್ ಹಾಕಿಕೊಟ್ಟ ಪದ್ಧತಿ. ಇಡೀ ಸ್ತನ, ಅದರಡಿಯ ಸ್ನಾಯು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ತೆಗೆಯುವುದು. ಆಮೇಲೆ ಚರ್ಮದಡಿ ಪಕ್ಕೆಲುಬು ಎದ್ದು ಕಾಣುತ್ತಿತ್ತು, ಎಷ್ಟೋ ಮಂದಿಗೆ ತೋಳು ಬಾತುಕೊಳ್ಳುತ್ತಿತ್ತು. ಸಾಮಾನ್ಯವಾಗಿ ಬಯಾಪ್ಸಿ, ಆಪರೇಷನ್ ಎರಡೂ ಒಂದೇ ಅರಿವಳಿಕೆಯಲ್ಲಿ ಮುಗಿಯುತ್ತಿದ್ದವು. ತನಗೆ ಕ್ಯಾನ್ಸರ್ ಇತ್ತೋ ಇಲ್ಲವೋ ಎಂಬುದನ್ನು ಹೆಂಗಸು ಎಚ್ಚರವಾದ ಮೇಲೆ ಬ್ಯಾಂಡೇಜ್ ಮುಟ್ಟಿ ತಿಳಿಯಬೇಕಿತ್ತು.

ಪೆಥಾಲಜಿಸ್ಟ್ ಆಗಿದ್ದ ತಮ್ಮ ಸಹೋದರ ಎಡ್ವಿನ್ ಜೊತೆ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದ ಫಿಶರ್‌ಗೆ, ಕ್ಯಾನ್ಸರ್ ಕೋಶಗಳು ಗ್ರಂಥಿಗಳಲ್ಲಿ ತಡೆದು ನಿಲ್ಲುವುದಿಲ್ಲ, ರಕ್ತದಲ್ಲೂ ಹರಿದಾಡುತ್ತವೆ ಎಂದು ಕಂಡಿತು. ಹಾಗಿದ್ದರೆ ಸುತ್ತಲೂ ಎಷ್ಟು ಕೆರೆದರೇನು?

ಇದನ್ನು ಪರೀಕ್ಷಿಸಲು 1971ರಲ್ಲಿ ಶುರುವಾದ ಪ್ರಯೋಗದಲ್ಲಿ 1,600ಕ್ಕೂ ಹೆಚ್ಚು ಮಹಿಳೆಯರಿದ್ದರು. ಯಾರಿಗೆ ಯಾವ ಚಿಕಿತ್ಸೆ ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನ. ಕ್ಯಾನ್ಸರ್ ಎಂದು ಗೊತ್ತಾದ ಗಳಿಗೆಯಲ್ಲಿ ಇದಕ್ಕೆ ಒಪ್ಪಿದವರ ಹೆಸರು ನಮಗೆ ಗೊತ್ತಿಲ್ಲ. ಪ್ರಶಸ್ತಿಗಳೆಲ್ಲ ಫಿಶರ್‌ಗೆ ಬಂದವು, ಅದೂ ಸರಿಯೇ, ಆದರೆ ಧೈರ್ಯ ಯಾರದು ಹೆಚ್ಚು ಅಂದರೆ ನಾನು ಆ ಹೆಂಗಸರ ಕಡೆ.

1976ರ ಮುಂದಿನ ಪ್ರಯೋಗದಲ್ಲಿ ಗಡ್ಡೆಯನ್ನಷ್ಟೇ ತೆಗೆದು ನೋಡಿದರು. 20 ವರ್ಷದ ಫಲಿತಾಂಶ 2002ರಲ್ಲಿ ಬಂತು: ಇಡೀ ಸ್ತನ ತೆಗೆಸಿಕೊಂಡವರಿಗೂ ಇವರಿಗೂ ಬದುಕುಳಿಯುವ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸವಿಲ್ಲ. ಆದರೆ ಆಪರೇಷನ್ ಜೊತೆಗೆ ರೇಡಿಯೇಷನ್ (ಜನ ‘ಕರೆಂಟ್’ ಅನ್ನುವುದು) ಮುಖ್ಯ ಎಂದು ಕಂಡಿತು. ಅದಿಲ್ಲದವರಲ್ಲಿ ಶೇ. 39ರಷ್ಟು ಮಂದಿಗೆ ಅದೇ ಸ್ತನದಲ್ಲಿ ಕ್ಯಾನ್ಸರ್ ಮರುಕಳಿಸಿತ್ತು, ಪಡೆದವರಲ್ಲಿ ಶೇ. 14. ‘ಸ್ತನ ಉಳಿಸಿಕೊಂಡಿದ್ದಾಯ್ತಲ್ಲ, ಕರೆಂಟ್ ಯಾಕೆ’ ಅನ್ನುವವರು ಈ ಅಂಕಿ ನೋಡಬೇಕು.

ಇದಕ್ಕೆಲ್ಲ ಹಣ ಬಂದದ್ದು ಮುಖ್ಯವಾಗಿ ಸರ್ಕಾರದಿಂದ. ‘ಕಡಿಮೆ ಮಾಡಿದರೂ ಸಾಕು’ ಎಂಬ ಫಲಿತಾಂಶವನ್ನು ಯಾವ ಕಂಪನಿ ಮಾರೀತು ಹೇಳಿ.

1994ರಲ್ಲಿ ಒಂದು ಪೆಟ್ಟು ಬಿತ್ತು. ಈ ಪ್ರಯೋಗಗಳಲ್ಲಿ ಭಾಗಿಯಾಗಿದ್ದ, ಕೆನಡಾದ ಮಾಂಟ್ರಿಯಲ್‌ನ ವೈದ್ಯರೊಬ್ಬರು ರೋಗಿಗಳ ದಾಖಲೆ ತಿದ್ದಿದ್ದು ಬಯಲಾಗಿ, ಫಿಶರ್ ಪ್ರಯೋಗ ನಡೆಸುತ್ತಿದ್ದ ತಂಡದ ಮುಖ್ಯಸ್ಥನ ಸ್ಥಾನ ಕಳೆದುಕೊಂಡರು. ವಿಷಯ ಗೊತ್ತಿದ್ದೂ ಪ್ರಕಟಿಸಲು ತಡ ಮಾಡಿದ್ದು ತಪ್ಪೇ. ಆದರೆ ಆ ದಾಖಲೆಗಳನ್ನು ಪೂರ್ತಿ ಕೈಬಿಟ್ಟು ಲೆಕ್ಕ ಹಾಕಿದಾಗಲೂ ಫಲಿತಾಂಶ ಬದಲಾಗಲಿಲ್ಲ. 1997ರಲ್ಲಿ ಅವರ ಮೇಲಿನ ಆರೋಪ ಬಿದ್ದುಹೋಯಿತು, ವಿಶ್ವವಿದ್ಯಾಲಯ ವಿಷಾದ ಸೂಚಿಸಿತು. ಆಮೇಲೂ ಅವರು ಸುಮ್ಮನೆ ಕೂರಲಿಲ್ಲ. ಟ್ಯಾಮಾಕ್ಸಿಫೆನ್ ಮಾತ್ರೆ ಅಪಾಯ ಹೆಚ್ಚಿರುವ ಮಹಿಳೆಯರಲ್ಲಿ ಕಾಯಿಲೆ ಬರುವುದನ್ನೇ ಸುಮಾರು ಅರ್ಧಕ್ಕೆ ಇಳಿಸುತ್ತದೆ ಎಂಬ 1998ರ ವರದಿಯ ಮೊದಲ ಹೆಸರೂ ಫಿಶರ್ ಅವರದೇ.