ಫೋನಿಗೆ ಕಾಣದ್ದೂ ಇದೆ
ಸಾಂಕ್ರಾಮಿಕದ ಕಾಲಕ್ಕೆ ವಿಡಿಯೋ ಕರೆಯ ಚಿಕಿತ್ಸೆಯೇ ಸಾಕು ಎಂದು ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. 2020ರಲ್ಲಿ ಕೋವಿಡ್ ಹರಡಿದಾಗ ಆಸ್ಪತ್ರೆಯಲ್ಲಿ ಸರದಿಗೆ ಕಾಯುವುದೇ ಅಪಾಯವಾಗಿತ್ತು. ವಿಡಿಯೋ ಕರೆಯಿಂದಾಗಿ ಬಿಪಿ, ಶುಗರ್ ಇರುವವರು ಬರೀ ಮಾತ್ರೆ ಚೀಟಿಗಾಗಿ ಅಲ್ಲಿ ಹೋಗಿ ಕೂರುವುದು ತಪ್ಪಿತು. ಅದು ದೊಡ್ಡ ಉಪಕಾರವೇ.

ಆದರೆ ಕೋವಿಡ್‌ನಲ್ಲಿ ಕೆಲವರಿಗೆ ಆಕ್ಸಿಜನ್ ಇಳಿದಿದ್ದರೂ ಏದುಸಿರು ಇರುತ್ತಿರಲಿಲ್ಲ. ಆರಾಮಾಗಿ ಮಾತಾಡುತ್ತಿದ್ದರು. ಸುಮ್ನೆ ಪರದೆಯಲ್ಲಿ ಮುಖ ನೋಡಿದರೆ ಏನು ಗೊತ್ತಾಗುತ್ತದೆ? ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬೇಕಿತ್ತು. ಅದೂ ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ತಪ್ಪು ಅಂಕಿ ತೋರಿಸಬಹುದು. ನಮ್ಮ ಅಮ್ಮನಿಗೆ ಡಾಕ್ಟರು ಮೊದಲು ಕೈ ಉಜ್ಜಿ ಬಿಸಿ ಮಾಡಿಕೊಳ್ಳಲು ಹೇಳಿದರು. ಆಮೇಲೆ ನಡೆದಾಗ ಆಕ್ಸಿಜನ್ ಇಳಿಯುತ್ತದಾ ನೋಡಲು ಆರು ನಿಮಿಷ ನಡೆಸಿ ಮತ್ತೆ ಅಂಕಿ ಕೇಳಿದರು. ಅಮ್ಮ ಕೋಣೆಯಲ್ಲಿ ಸುತ್ತು ಹಾಕಿದ್ದು, ನಾನು ಫೋನ್ ಹಿಡಿದು ಹಿಂದೆ ಹಿಂದೆ ಹೋಗಿದ್ದು! ಅಂಥ ಡಾಕ್ಟರು ಸಿಕ್ಕರೆ ಸರಿ. ಎರಡೇ ನಿಮಿಷದಲ್ಲಿ ಕರೆ ಮುಗಿಸುವವರೂ ಇದ್ದಾರಲ್ವಾ?

ಹೊಟ್ಟೆ ಒತ್ತಿ ನೋಡುವುದಂತೂ ಫೋನಿನಲ್ಲಿ ಆಗದ ಕೆಲಸ. ವಯಸ್ಸಾದವರಿಗೆ ಆ್ಯಪ್ ಬಳಸುವುದು ಕಷ್ಟ, ಸಾದಾ ಕರೆಯ ದಾರಿಯೂ ಇರಲಿ. ಇನ್ನು ಪ್ರವಾಹ, ಭೂಕಂಪ ಬಂದಾಗ ಮೊಬೈಲ್ ಟವರೇ ಬಿದ್ದಿರಬಹುದು. ಆಗ ಕರೆ ಮಾಡುವುದು ಹೇಗೆ ಎಂದು ನೀವು ಬರೆಯಲೇ ಇಲ್ಲ.