ಕೋವಿಡ್ ಬಾಕಿ ಇನ್ನೂ ಚುಕ್ತಾ ಆಗಿಲ್ಲ, ಊರಿನ ಅರಿವು ಕೇಂದ್ರದ ಬಾಗಿಲು ತೆರೆದಿರಲಿ

2020ರ ಜೂನ್‌ನಲ್ಲಿ ಒಂದನೇ ತರಗತಿಗೆ ಹೆಸರು ಹಚ್ಚಿದ ಮಕ್ಕಳನ್ನು ಒಮ್ಮೆ ನೆನಪಿಸಿಕೊಳ್ಳಿ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿತ್ತು, ಶಾಲೆ ಇರಲಿಲ್ಲ. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟೊತ್ತಿಗೆ ಈ ಮಕ್ಕಳು ಕಾಗದದ ಮೇಲೆ ಎರಡನೇ ತರಗತಿಯ ಅರ್ಧಕ್ಕೆ ಬಂದಿದ್ದರು. ಇವರು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವುದು 2030ರಲ್ಲಿ. ಸರ್ಕಾರದ ಕಡತಗಳಲ್ಲಿ ಕೋವಿಡ್ ಮುಗಿದು ಎಷ್ಟೋ ದಿನವಾಯಿತು. ಶಾಲೆಯಲ್ಲಿ ಅದು 2030ರವರೆಗೂ ಇರುತ್ತದೆ.

ನಾನು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಕೋವಿಡ್ ಆದಮೇಲೆ ಸರ್ಕಾರ ಏನೇನು ಮಾಡಿತು, ಅದರಲ್ಲಿ ಏನು ಉಳಿಯಿತು, ಏನು ಹೋಯಿತು ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ಪಕ್ಷದ ಪರ-ವಿರೋಧದ ಮಾತು ಇದರಲ್ಲಿಲ್ಲ. ಈ ಅವಧಿಯಲ್ಲಿ ಯಡಿಯೂರಪ್ಪ, ಬೊಮ್ಮಾಯಿ, ಸಿದ್ದರಾಮಯ್ಯ ಮೂವರ ಆಡಳಿತವನ್ನೂ ಕಂಡಿದ್ದೇವೆ. ನನಗೆ ಅನ್ನಿಸುವುದು ಇಷ್ಟು: ಒಂದೇ ಸಲ ಕೊಟ್ಟು ಕೈತೊಳೆದುಕೊಂಡದ್ದು ಆಗಲೇ ಕರಗಿಹೋಗಿದೆ. ಊರಲ್ಲಿ ಬೇರು ಬಿಟ್ಟದ್ದು ಮಾತ್ರ ಇಂದಿಗೂ ಕೆಲಸ ಮಾಡುತ್ತಿದೆ. ಹಾಗೆ ಬೇರು ಬಿಟ್ಟವುಗಳಲ್ಲಿ ಯಾರ ಕಣ್ಣಿಗೂ ಬೀಳದೆ ಇರುವುದು ಗ್ರಾಮ ಪಂಚಾಯತಿಯ ಗ್ರಂಥಾಲಯ, ಅಂದರೆ ಈಗಿನ ‘ಅರಿವು ಕೇಂದ್ರ’.

ಮೊದಲು ದುಡ್ಡಿನ ವಿಷಯ. 2020ರ ಮೇ ತಿಂಗಳಲ್ಲಿ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಬಂತು. ಕ್ಷೌರಿಕರಿಗೆ, ಮಡಿವಾಳರಿಗೆ, ಆಟೊ-ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ. ಮರುವರ್ಷ ಎರಡನೇ ಅಲೆಯಲ್ಲಿ 1,250 ಕೋಟಿಯದು ಇನ್ನೊಂದು. ಆಗ ಕಟ್ಟಡ ಕಾರ್ಮಿಕರಿಗೆ 3,000, ಬೀದಿ ವ್ಯಾಪಾರಿಗಳಿಗೆ 2,000. ಆ ಹೊತ್ತಿಗೆ ಅದು ಬೇಕೇ ಬೇಕಿತ್ತು, ಅದನ್ನು ಹೀಗಳೆಯುವುದಿಲ್ಲ. ಆದರೆ ಆ ದುಡ್ಡು ಕೈಗೆ ಬರಬೇಕಾದರೆ ಸರ್ಕಾರದ ಆನ್‌ಲೈನ್ ಪೋರ್ಟಲ್ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕಿತ್ತು. ನಮ್ಮ ಓಣಿಯವರಿಗೆ ಅರ್ಜಿ ತುಂಬಿಕೊಡುವಾಗ ನೋಡಿದ್ದೇನೆ. ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು. ‘ಬಸಪ್ಪ’ ಮತ್ತು ‘ಬಸವರಾಜಪ್ಪ’ ಇಬ್ಬರೂ ಒಬ್ಬನೇ ಅಂತ ಕಂಪ್ಯೂಟರಿಗೆ ತಿಳಿಸಿ ಹೇಳುವವರು ಯಾರು? ಲಾಕ್‌ಡೌನಿನಲ್ಲಿ ಸೈಬರ್ ಸೆಂಟರುಗಳೂ ಮುಚ್ಚಿದ್ದವು.

ಸತ್ತವರ ಪರಿಹಾರದ್ದೂ ಇದೇ ಕಥೆ. ಬಿಪಿಎಲ್ ಕುಟುಂಬಕ್ಕೆ ರಾಜ್ಯದಿಂದ 1 ಲಕ್ಷ, ಅದರ ಜೊತೆಗೆ 50,000. ಕೊಟ್ಟದ್ದು ಒಳ್ಳೆಯದೇ. ಆದರೆ ಕೋವಿಡ್ ಅಂತ ದಾಖಲೆ ಇರಬೇಕು. 2021ರ ಮೇ ತಿಂಗಳಲ್ಲಿ ಹಳ್ಳಿಗಳಲ್ಲಿ ಎಷ್ಟೋ ಜನ ಜ್ವರ, ಕೆಮ್ಮು, ಏದುಸಿರು ಅನ್ನುತ್ತ ಟೆಸ್ಟ್ ಮಾಡಿಸದೆ ಮನೆಯಲ್ಲೇ ಹೋಗಿಬಿಟ್ಟರು. ಅವರ ಮನೆಯವರ ಕೈಯಲ್ಲಿ ಯಾವ ಕಾಗದವೂ ಇರಲಿಲ್ಲ. ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿ ಕೊಡುವ ‘ಬಾಲ ಸೇವಾ’ ಯೋಜನೆಯನ್ನು ನಾನು ಹೆಚ್ಚು ಮೆಚ್ಚುತ್ತೇನೆ. ಅದು ತಿಂಗಳು ತಿಂಗಳು ಬರುವಂಥದ್ದು, ಮಗು ಬೆಳೆಯುವವರೆಗೆ ಜೊತೆಗಿರುವಂಥದ್ದು.

ಬೆಂಗಳೂರಿನಿಂದ, ಗೋವಾದಿಂದ ಗುಳೆ ಹೋದವರೆಲ್ಲ ಊರಿಗೆ ಮರಳಿದ 2020ರ ಬೇಸಿಗೆಯಲ್ಲಿ ಹೊಟ್ಟೆ ತುಂಬಿಸಿದ್ದು ಮಾತ್ರ ಉದ್ಯೋಗ ಖಾತ್ರಿ. ದಿನಕ್ಕೆ 275 ರೂಪಾಯಿ ಕೂಲಿ. ಬದು ಹಾಕಿದರು, ಕೃಷಿ ಹೊಂಡ ತೋಡಿದರು, ಕೆರೆಯ ಹೂಳೆತ್ತಿದರು. ಕೂಲಿ ಖರ್ಚಾಯಿತು, ಹೊಂಡ ಉಳಿಯಿತು.

ಈಗ ಶಾಲೆಯ ಮಾತಿಗೆ ಬರುತ್ತೇನೆ.

2020ರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಶುರುವಾಯಿತು. ಮಕ್ಕಳು ಶಾಲೆಗೆ ಬರುವಂತಿಲ್ಲ ಅಂದಮೇಲೆ ನಾವೇ ಮಕ್ಕಳಿದ್ದಲ್ಲಿಗೆ ಹೋದೆವು. ಹನುಮಪ್ಪನ ಗುಡಿಯ ಕಟ್ಟೆ, ಸಮುದಾಯ ಭವನ, ಬೇವಿನ ಮರದ ನೆರಳು. ಆನ್‌ಲೈನ್ ಪಾಠದ ಬಗ್ಗೆ ದೊಡ್ಡ ದೊಡ್ಡ ಚರ್ಚೆ ನಡೆಯುತ್ತಿದ್ದ ದಿನಗಳವು. ನಮ್ಮ ಮಕ್ಕಳ ಮನೆಯಲ್ಲಿ ಒಂದೇ ಫೋನು, ಅದೂ ಅಪ್ಪನ ಕಿಸೆಯಲ್ಲಿ. ಚಂದನ ವಾಹಿನಿಯ ಪಾಠಗಳು ದೊಡ್ಡ ಮಕ್ಕಳಿಗೆ ನೆರವಾದವು, ಚಿಕ್ಕವರಿಗೆ ಎದುರಿಗೊಬ್ಬ ಮನುಷ್ಯ ಬೇಕು. ಅಕ್ಟೋಬರಿನಲ್ಲಿ ಅಲ್ಲಲ್ಲಿ ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗುಲಿದ ಸುದ್ದಿ ಬಂದು ವಿದ್ಯಾಗಮ ನಿಂತಿತು. ಆ ಭಯ ಸುಳ್ಳಾಗಿರಲಿಲ್ಲ, ಎರಡನೇ ಅಲೆಯಲ್ಲಿ ನಮ್ಮ ಸಹೋದ್ಯೋಗಿಗಳೇ ಎಷ್ಟೋ ಮಂದಿ ತೀರಿಕೊಂಡರು.

ಶಾಲೆ ತೆರೆದ ಮೇಲೆ ಏನಾಗಿತ್ತು ಅನ್ನುವುದಕ್ಕೆ ಒಂದು ಉದಾಹರಣೆ ಸಾಕು. 2022ರಲ್ಲಿ ನಾಲ್ಕನೇ ತರಗತಿಯ ಒಬ್ಬಳು ಹುಡುಗಿಗೆ ಬೋರ್ಡಿನ ಮೇಲೆ ‘ಅಜ್ಜಿ ರೊಟ್ಟಿ ತಟ್ಟಿದಳು’ ಅಂತ ಬರೆದು ಓದು ಅಂದೆ. ಬೆರಳಿಟ್ಟು ಓದಿದಳು: “ಅಜಿ... ರೊಟಿ... ತಟಿದಳು.” ಒತ್ತಕ್ಷರ ಅವಳ ಕಣ್ಣಿಗೆ ಕಾಣುತ್ತಿತ್ತು, ಅದನ್ನು ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. “ಕೆಳಗಿರೋದು ಏನವ್ವಾ?” ಅಂದರೆ, “ಅದನ್ನ ನಮಗ ಹೇಳಿಕೊಟ್ಟಿಲ್ರಿ ಟೀಚರ್” ಅಂದಳು. ಅವಳು ಹೇಳಿದ್ದು ಪೂರ್ತಿ ನಿಜ. ಒಂದನೇ ತರಗತಿಯಲ್ಲಿ ಮೂಲಾಕ್ಷರ, ಕಾಗುಣಿತ ಕಲಿತು 2020ರ ಮಾರ್ಚ್‌ನಲ್ಲಿ ಮನೆಗೆ ಹೋದವಳು. ಒತ್ತಕ್ಷರ ಕಲಿಯುವ ಎರಡನೇ ತರಗತಿ ಅವಳ ಪಾಲಿಗೆ ನಡೆಯಲೇ ಇಲ್ಲ. ಒತ್ತಕ್ಷರವಿಲ್ಲದೆ ಕನ್ನಡದಲ್ಲಿ ಯಾವ ಪಾಠ ಓದಲು ಸಾಧ್ಯ? ವಿಜ್ಞಾನವಿಲ್ಲ, ಗಣಿತದ ಲೆಕ್ಕದ ವಾಕ್ಯವೂ ಇಲ್ಲ. ಎರಡು ವರ್ಷದ ನಷ್ಟ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ, ನಿಜಕ್ಕೂ ಅದು ಕೆಳಗಿನ ಕಲ್ಲು ಜಾರಿದ ಗೋಡೆ.

ದೇಶದ ಲೆಕ್ಕವನ್ನೂ ನೋಡಿ. ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿಯ ಮಕ್ಕಳು 2018ರಲ್ಲಿ ಶೇ 27.3 ಇದ್ದರು, 2022ಕ್ಕೆ ಶೇ 20.5ಕ್ಕೆ ಇಳಿದರು, 2024ಕ್ಕೆ ಶೇ 27.1ಕ್ಕೆ ಏರಿದರು. ಚೇತರಿಸಿಕೊಂಡೆವು ಅಂತ ಇದನ್ನು ಹಲವರು ಸಂಭ್ರಮಿಸಿದರು. 2024ರಲ್ಲಿ ಮೂರನೇ ತರಗತಿಯಲ್ಲಿದ್ದವರು ಕೋವಿಡ್ ಹೊತ್ತಿಗೆ ಶಾಲೆಗೇ ಸೇರಿರಲಿಲ್ಲ ಎಂಬುದನ್ನು ಮರೆಯಬೇಡಿ. ಹೊಸ ಮಕ್ಕಳು ಹಳೆಯ ಮಟ್ಟಕ್ಕೆ ಬಂದರು, ಸಂತೋಷ. ನಡುವೆ ಸಿಕ್ಕಿಕೊಂಡ ಮಕ್ಕಳು ಆ ಅಂಕಿಯೊಳಗೆ ಇಲ್ಲವೇ ಇಲ್ಲ. ಅವರು ಮೇಲಿನ ತರಗತಿಗಳಿಗೆ ಹೋಗಿಬಿಟ್ಟಿದ್ದಾರೆ.

2022-23ರಲ್ಲಿ ರಾಜ್ಯ ಸರ್ಕಾರ ‘ಕಲಿಕಾ ಚೇತರಿಕೆ’ ವರ್ಷ ಅಂತ ಘೋಷಿಸಿತು. ಮೇ 16ಕ್ಕೇ ಶಾಲೆ ಶುರು ಮಾಡಿದೆವು. ಪಠ್ಯಪುಸ್ತಕವನ್ನು ಸ್ವಲ್ಪ ಬದಿಗಿಟ್ಟು, ಹಿಂದಿನ ತರಗತಿಗಳ ಮುಖ್ಯ ಕಲಿಕೆಯನ್ನು ಹಾಳೆಗಳ ಮೂಲಕ ಮತ್ತೆ ಕಟ್ಟುವ ಯೋಜನೆ ಅದು. ವಿಚಾರ ಸರಿಯಾಗಿತ್ತು, ಮನಸ್ಸಿಟ್ಟು ಮಾಡಿದಲ್ಲಿ ಫಲವೂ ಸಿಕ್ಕಿತು. ನನ್ನ ‘ಅಜಿ ರೊಟಿ’ ಹುಡುಗಿ ದಸರಾ ರಜೆ ಮುಗಿಯುವ ಹೊತ್ತಿಗೆ ಸಣ್ಣ ಕಥೆ ಓದುತ್ತಿದ್ದಳು. ಆದರೆ ಅದೇ ವರ್ಷ ಟಿವಿಯಲ್ಲಿ ಪಠ್ಯ ಪರಿಷ್ಕರಣೆಯ ಜಗಳ ತಿಂಗಳುಗಟ್ಟಲೆ ನಡೆಯಿತು. ಪುಸ್ತಕದಲ್ಲಿ ಯಾರ ಪಾಠ ಇರಬೇಕು ಅಂತ ಎಲ್ಲರೂ ಕೂಗಾಡಿದರು, ಆ ಪುಸ್ತಕ ಓದಲು ಮಕ್ಕಳಿಗೆ ಬರುತ್ತದೆಯೇ ಅಂತ ಒಂದು ಚರ್ಚೆಯನ್ನೂ ನಾನು ನೋಡಲಿಲ್ಲ. ವರ್ಷ ಮುಗಿಯುತ್ತಿದ್ದಂತೆ ಐದನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಬಂತು. 2023ರ ಮಾರ್ಚ್‌ನಲ್ಲಿ ಅದನ್ನು ಬರೆದ ಮಕ್ಕಳು ಮೂರನೇ ತರಗತಿಯನ್ನು ಪೂರ್ತಿ, ನಾಲ್ಕನೆಯದನ್ನು ಹೆಚ್ಚುಕಡಿಮೆ ಅರ್ಧ ಕಳೆದುಕೊಂಡವರು. ಅವರನ್ನು ಅಳೆಯುವ ಅವಸರ ಯಾಕಿತ್ತು ಅಂತ ಇಂದಿಗೂ ನನಗೆ ಅರ್ಥವಾಗಿಲ್ಲ. ಕಲಿಕಾ ಚೇತರಿಕೆ ಒಂದೇ ವರ್ಷದಲ್ಲಿ ಮುಗಿಸಬಹುದಾದ ಕೆಲಸವೇ ಅಲ್ಲ, ಕನಿಷ್ಠ ಮೂರು ವರ್ಷ ಬೇಕಿತ್ತು.

ಉಳಿದುಕೊಂಡ ಒಳ್ಳೆಯದರಲ್ಲಿ ಮೊಟ್ಟೆ ದೊಡ್ಡದು. 2021ರ ಡಿಸೆಂಬರ್‌ನಲ್ಲಿ ನಮ್ಮ ಕೊಪ್ಪಳವೂ ಸೇರಿದಂತೆ ಏಳು ಜಿಲ್ಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಶುರು ಮಾಡಿದರು. ಕೆಲವು ಮಠಾಧೀಶರು ವಿರೋಧಿಸಿದಾಗ ಗಂಗಾವತಿಯ ಶಾಲಾ ಬಾಲಕಿಯೊಬ್ಬಳು ನಮಗೆ ಮೊಟ್ಟೆ ಬೇಕು ಅಂತ ಕ್ಯಾಮೆರಾ ಮುಂದೆ ನಿಂತು ಖಡಾಖಂಡಿತವಾಗಿ ಹೇಳಿದ್ದು ನಿಮಗೂ ನೆನಪಿರಬೇಕು. ಯಾದಗಿರಿಯಲ್ಲಿ ಮೊಟ್ಟೆ ತಿಂದ ಮಕ್ಕಳನ್ನೂ ಗದಗದಲ್ಲಿ ಮೊಟ್ಟೆ ಸಿಗದ ಮಕ್ಕಳನ್ನೂ ಹೋಲಿಸಿ ನಡೆಸಿದ ಅಧ್ಯಯನದಲ್ಲಿ ಯಾದಗಿರಿಯವರ ತೂಕ ಹೆಚ್ಚು ಏರಿದ್ದು ಕಂಡುಬಂತು. ಆಮೇಲೆ ಯೋಜನೆ ರಾಜ್ಯಕ್ಕೆಲ್ಲ ಹರಡಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಮುಂಜಾನೆ ಬರೀ ಚಹಾ ಕುಡಿದು ಬರುವ ಮಕ್ಕಳಿಗೆ ಪಾಠ ಮಾಡಿದವರಿಗೆ ಅದರ ಬೆಲೆ ಗೊತ್ತು.

ಇನ್ನು ಗ್ರಂಥಾಲಯ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ರಾಜ್ಯದಲ್ಲಿ ಅಂಥವು 5,600ಕ್ಕೂ ಹೆಚ್ಚು. ಮುಂಚೆ ನಮ್ಮೂರಿನದು ಹೇಗಿತ್ತೆಂದರೆ, ಒಂದು ಕತ್ತಲೆ ಕೋಣೆ, ಬೀಗ ಹಾಕಿದ ಕಪಾಟು, ನಾಲ್ಕು ಜನ ಹಿರಿಯರು ಓದುವ ಎರಡು ಪತ್ರಿಕೆ. ಮಕ್ಕಳು ಒಳಗೆ ಕಾಲಿಟ್ಟರೆ ಗದರಿಸುತ್ತಿದ್ದರು. 2020ರ ನವೆಂಬರ್‌ನಲ್ಲಿ, ಶಾಲೆಗಳು ಮುಚ್ಚಿದ್ದಾಗಲೇ, ಇಲಾಖೆ ‘ಓದುವ ಬೆಳಕು’ ಅಭಿಯಾನ ತಂದಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಉಮಾ ಮಹದೇವನ್ ಅವರಂಥ ಅಧಿಕಾರಿಗಳು ಇದರ ಬೆನ್ನಿಗೆ ನಿಂತರು. ಊರವರು, ಹಳೆ ವಿದ್ಯಾರ್ಥಿಗಳು ಪುಸ್ತಕ ಕೊಟ್ಟರು. ಮುಂದೆ ಇವಕ್ಕೆ ‘ಅರಿವು ಕೇಂದ್ರ’ ಅಂತ ಹೆಸರಾಯಿತು.

ನಮ್ಮ ಕೇಂದ್ರದಲ್ಲಿ ಈಗ ಗೋಡೆಗೆ ಬಣ್ಣವಿದೆ, ಚಿಕ್ಕವರಿಗೆ ನೆಲದ ಮೇಲೆ ಚಾಪೆ, ಮೂಲೆಯಲ್ಲಿ ಚೆಸ್ ಮತ್ತು ಕೇರಂ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗಿಯರಿಗೆ ಒಂದು ಮೇಜು. ಊರಲ್ಲಿ ಬೆಳೆದ ಹೆಣ್ಣುಮಕ್ಕಳು ಯಾರ ಮಾತೂ ಕೇಳಿಸಿಕೊಳ್ಳದೆ ಎರಡು ತಾಸು ಕೂರಬಹುದಾದ ಸ್ಥಳ ಬೇರೆ ಯಾವುದಿದೆ ಹೇಳಿ? ಮೇಲ್ವಿಚಾರಕಿ ಸಂಜೆ ಗಟ್ಟಿಯಾಗಿ ಕಥೆ ಓದುತ್ತಾರೆ. ಎಂಟನೇ ತರಗತಿಯ ಹುಡುಗನೊಬ್ಬ ಮೂರನೇ ತರಗತಿಯ ಮಕ್ಕಳ ಪುಸ್ತಕ ಹಿಡಿದು ಮೂಲೆಯಲ್ಲಿ ಕೂತಿರುತ್ತಾನೆ. ತರಗತಿಯಲ್ಲಿ ಆ ಪುಸ್ತಕ ತೆಗೆದರೆ ಗೆಳೆಯರು ನಗುತ್ತಾರೆ, ಇಲ್ಲಿ ಯಾರೂ ಕೇಳುವುದಿಲ್ಲ. ಕೋವಿಡ್‌ನಲ್ಲಿ ಓದು ತಪ್ಪಿಹೋದ ದೊಡ್ಡ ಮಗುವಿಗೆ ಮಾನ ಕಳೆದುಕೊಳ್ಳದೆ ಮತ್ತೆ ಓದು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗಂತೂ ಗೊತ್ತಿಲ್ಲ.

ಇದು ಎಲ್ಲ ಕಡೆ ಹೀಗಿಲ್ಲ. ಹತ್ತಿರದ ಒಂದು ಊರಲ್ಲಿ ಹೋದಾಗಲೆಲ್ಲ ಬೀಗ. ಕೆಲವು ಕಡೆ ಹೊಸ ಪುಸ್ತಕ ಬರುವುದೇ ನಿಂತಿದೆ, ಕಂಪ್ಯೂಟರ್ ಕೆಟ್ಟರೆ ರಿಪೇರಿ ಇಲ್ಲ. ಮೇಲ್ವಿಚಾರಕರು ಕಡಿಮೆ ಸಂಬಳದ ಮೇಲೆ ಬದುಕುವವರು. ಆಶಾ ಕಾರ್ಯಕರ್ತೆಯರಿಗೆ ನಾವು ಏನು ಮಾಡಿದೆವು ಅನ್ನುವುದು ಕಣ್ಣ ಮುಂದಿದೆ. ರಾಜ್ಯದ ಸುಮಾರು 42,000 ಆಶಾಗಳು ಮನೆಮನೆಗೆ ಹೋಗಿ ಜ್ವರ ನೋಡಿದರು, ನಾವು ಚಪ್ಪಾಳೆ ತಟ್ಟಿದೆವು. 2020ರ ಜುಲೈನಲ್ಲಿ, ಕೋವಿಡ್ ನಡುವೆಯೇ, ತಿಂಗಳಿಗೆ 12,000 ಕೊಡಿ ಅಂತ ಅವರು ಮುಷ್ಕರ ಹೂಡಬೇಕಾಯಿತು. 2025ರ ಜನವರಿಯಲ್ಲಿ ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಗೆ ಕೂತರು. ಗ್ರಂಥಾಲಯದವರನ್ನೂ ಅದೇ ದಾರಿಗೆ ದೂಡಬಾರದು.

ಗ್ರಂಥಾಲಯ ನಮಗೆ ಯಾರೋ ಕೊಟ್ಟ ದಾನವಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಕಾಲದಿಂದ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಜನ ಕಟ್ಟುತ್ತ ಬಂದಿದ್ದಾರೆ. ಆ ದುಡ್ಡು ಎಲ್ಲಿ ಹೋಯಿತು ಅಂತ ಪಂಚಾಯತಿಯಲ್ಲಿ ಕೇಳುವ ಹಕ್ಕು ನಮಗಿದೆ.

ಇದನ್ನು ಓದುತ್ತಿರುವ ಊರಿನ ಗೆಳೆಯರಲ್ಲಿ, ಬೆಂಗಳೂರಲ್ಲೋ ದುಬೈಯಲ್ಲೋ ಇದ್ದು ಹಬ್ಬಕ್ಕೆ ಊರಿಗೆ ಬರುವವರಲ್ಲಿ ಒಂದು ಕೋರಿಕೆ. ಬಂದಾಗ ಅರಿವು ಕೇಂದ್ರಕ್ಕೆ ಒಮ್ಮೆ ಹೋಗಿ. ನಿಮ್ಮ ಮನೆಯ, ಪಕ್ಕದ ಮನೆಯ ಮಕ್ಕಳನ್ನು ಸದಸ್ಯರನ್ನಾಗಿ ಮಾಡಿಸಿ. ಪುಸ್ತಕ ಕೊಡುವುದಾದರೆ ಹಳೆಯ ಗೈಡುಗಳನ್ನು ಕೊಡಬೇಡಿ, ದೊಡ್ಡ ಅಕ್ಷರದ, ಚಿತ್ರವಿರುವ ಕಥೆ ಪುಸ್ತಕ ಕೊಡಿ. ಮನೆಯಲ್ಲಿ ಸಾವು ಕಂಡು ಇನ್ನೂ ಸರಿಹೋಗದವರಿದ್ದರೆ 14416ಕ್ಕೆ ಫೋನ್ ಮಾಡಲು ಹೇಳಿ, ಅದು ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಶಾಲೆ ಬಿಟ್ಟು ದುಡಿಮೆಗೆ ಹೋಗುತ್ತಿರುವ ಮಗು ಕಂಡರೆ ಮಕ್ಕಳ ಸಹಾಯವಾಣಿ 1098 ಇದೆ.

ಮುಂದಿನ ಗ್ರಾಮಸಭೆಗೆ ನಾನು ಅರ್ಜಿ ಬರೆದಿಟ್ಟಿದ್ದೇನೆ. ಸಂಜೆ ಶಾಲೆ ಬಿಟ್ಟ ಮೇಲೆ ಮತ್ತು ಭಾನುವಾರ ಕೇಂದ್ರ ತೆರೆದಿರಬೇಕು, ಗ್ರಂಥಾಲಯ ಕರದ ಲೆಕ್ಕವನ್ನು ಸಭೆಯಲ್ಲಿ ಓದಬೇಕು, ಗುಳೆ ಹೋಗುವ ಮನೆಯ ಮಕ್ಕಳಿಗೆ ಹೋಗುವಾಗ ಐದು ಪುಸ್ತಕ ಕೊಟ್ಟು ಕಳಿಸಬೇಕು. ಮೂರನೆಯದಕ್ಕೆ ಪುಸ್ತಕ ಕಳೆದುಹೋಗುತ್ತವೆ ಅಂತ ತಕರಾರು ಬರುತ್ತದೆ, ನನಗೆ ಗೊತ್ತು. ಕಳೆದರೆ ಕಳೆಯಲಿ. ನಿಮ್ಮೂರಿನ ಅರಿವು ಕೇಂದ್ರ ದಿನಕ್ಕೆ ಎಷ್ಟು ಹೊತ್ತು ತೆರೆದಿರುತ್ತದೆ, ಮಕ್ಕಳು ಬರುತ್ತಾರೆಯೇ, ಊರಿನ ಹೆಸರಿನ ಸಮೇತ ಕೆಳಗೆ ಬರೆಯಿರಿ. ಆ ಪಟ್ಟಿಯನ್ನೂ ಅರ್ಜಿಯ ಜೊತೆ ಲಗತ್ತಿಸುತ್ತೇನೆ.